ಒಳಗೆ ಬಿಟ್ಟ ಬಟ್ಟೆ

ಬಿಚ್ಚಿ ಹೊಲಿಯುವುದು ಆ ಮನೆಯವರಿಗೆ ಹೊಸದೇನಲ್ಲ. ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಎರಡು ಮಿಷನ್ನು, ಒಂದು ಉದ್ದನೆಯ ಮೇಜು, ಗೋಡೆಗೆ ನೇತುಹಾಕಿದ ಶಾಲೆ ಯೂನಿಫಾರ್ಮು, ನರ್ಸುಗಳ ಬಿಳಿ ಕೋಟು, ಯಾರೋ ಕೊಟ್ಟು ಮರೆತುಹೋದ ಪರದೆಗಳು. ಕತ್ತರಿ ಅತ್ತೆಯದು, ಮಿಷನ್ನು ಸೊಸೆಯದು. ಸೊಸೆ ಬಂದ ದಿನದಿಂದ ಇದೇ ಕಾನೂನು. ಅತ್ತೆ ಬೇಕಾದರೆ ಬೀರುವಿನ ಬೀಗದಕೈ ಕೊಟ್ಟಾರು, ಕತ್ತರಿಯನ್ನು ಮಾತ್ರ ಯಾರ ಕೈಗೂ ಕೊಟ್ಟವರಲ್ಲ.

"ನೋಡೇ, ಮಕ್ಕಳ ಬಟ್ಟೆ ಆದ್ರೆ ಒಳಗೆ ಎರಡು ಬೆರಳು ಬಟ್ಟೆ ಬಿಡ್ಬೇಕು, ಬೆಳೆಯೋ ಜೀವ," ಎಂದು ಮೊದಲ ವಾರವೇ ಪಾಠ ಮಾಡಿದ್ದರು. "ನನ್ನಂಥ ಮುದುಕೀರಿಗೆ ಹೊಲೀವಾಗ ಆ ದುಂದು ಬೇಡ. ನಾವು ಇನ್ನೇನಿದ್ರೂ ಇಳಿಯೋರು."

ಇಳಿಯುವುದು ಅಷ್ಟು ಬೇಗ ಬಂದೀತು ಅಂತ ಆ ಬಾಯಿಗೆ ಆಗ ಗೊತ್ತಿರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟವು. ದಿನ ಬಿಟ್ಟು ದಿನ ಡಯಾಲಿಸಿಸ್ಸು ಶುರುವಾಯಿತು. ಎಡಗೈಯಲ್ಲಿ ರಕ್ತನಾಳ ಎರಡನ್ನು ಕೂಡಿಸಿ ಸೂಜಿ ಚುಚ್ಚಲು ಜಾಗ ಮಾಡಿದರು. ಮನೆಯವರ ಬಾಯಲ್ಲಿ ಅದು ಸೂಜಿ ಕೈ ಆಯಿತು. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಿಗಿ ಬಳೆ ಹಾಕುವಂತಿಲ್ಲ, ಅದರ ಮೇಲೆ ಮಲಗುವಂತಿಲ್ಲ. ಅತ್ತೆ ಸುಮ್ಮನೆ ಕೂರುವ ಪೈಕಿ ಅಲ್ಲವಲ್ಲ, ತಮ್ಮ ಗೌನುಗಳ ಎಡ ತೋಳನ್ನೆಲ್ಲ ಭುಜದಿಂದ ಮಣಿಕಟ್ಟಿನವರೆಗೆ ಸೀಳಿ ಟಿಚ್ ಬಟನ್ ಇಟ್ಟುಕೊಂಡರು. ಪಟಪಟ ಬಿಚ್ಚಿದರೆ ಕೈ ಹೊರಗೆ, ಮೈ ಒಳಗೆ. ಅದನ್ನು ನೋಡಿ ವಾರ್ಡಿನ ಅರ್ಧ ಜನ ತಮಗೂ ಹಾಗೇ ಬೇಕೆಂದರು. ಈಗ ಅಲ್ಲಿ ಯಾವ ಕುರ್ಚಿ ನೋಡಿದರೂ ಈ ಮನೆಯ ತೋಳು.

ಮಾವ ಗಡಿಯಾರ ರಿಪೇರಿಯವರು. ಬಸ್ ನಿಲ್ದಾಣದ ಹತ್ತಿರ ಗೂಡಿನಂಥ ಅಂಗಡಿ. ಅವರಿಗೆ ಬೆಳಗಿನ ಮೊದಲ ಕೆಲಸ ಹೆಂಡತಿಯ ಸೂಜಿ ಕೈಗೆ ಕಿವಿ ಇಡುವುದು. ಒಳಗೆ ರಕ್ತ ಗುಂಯ್ ಎಂದು ಹರಿಯುವ ಸದ್ದು ಕೇಳಬೇಕು. ಕೇಳದಿದ್ದರೆ ನಾಳ ಕಟ್ಟಿತೆಂದು ಅರ್ಥ.

"ನಡೀತಿದೆ," ಎನ್ನುವರು ಮಾವ, ಗಡಿಯಾರ ವಾಪಸು ಕೊಡುವವರ ಹಾಗೆ.

"ನಿಲ್ಲೋವರೆಗೂ ನಡೆಯುತ್ತೆ ಬಿಡಿ. ಆ ನೀರು ಎಷ್ಟು ಕೊಡ್ತೀರೋ ಕೊಡಿ," ಎನ್ನುವರು ಅತ್ತೆ. ದಿನಕ್ಕೆ ಇಷ್ಟೇ ನೀರು ಎಂದು ಮಾವ ಒಂದು ಬಾಟಲಿಗೆ ತುಂಬಿಡುತ್ತಿದ್ದರು. ಬಾಯಾರಿದಾಗ ಅತ್ತೆ ಅದರಲ್ಲೇ ಮಾಡಿದ ಐಸ್ ತುಂಡನ್ನು ದವಡೆಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವರು.

ಇದಕ್ಕೆಲ್ಲ ಕೊನೆ ಹಾಡಲು ಹೊರಟವನು ಮಗ. ಬೇಕರಿಯಲ್ಲಿ ಬನ್ನು, ಬ್ರೆಡ್ಡು ಸುಡುವ ಕೆಲಸ ಅವನದು. ಮೈಯೂ ಬನ್ನಿನಂತೆಯೇ ಉಬ್ಬಿತ್ತು. "ಅಮ್ಮನಿಗೆ ನಂದು ಒಂದು ಕಿಡ್ನಿ ತಗೊಳ್ಳಿ" ಎಂದು ಅವನು ಹೋದಾಗ ಡಾಕ್ಟರು ತೂಕದ ಯಂತ್ರ ತೋರಿಸಿ, "ಮೊದಲು ಇಳಿಸಿಕೊಂಡು ಬಾ" ಎಂದರು. ಒಂದು ವರ್ಷದ ಮೇಲಾಯಿತು. ಒಲೆಯ ಮುಂದೆ ಬೆಣ್ಣೆ ವಾಸನೆ ಕುಡಿಯುತ್ತ ಸೌತೆಕಾಯಿ ತಿಂದ ಮಹಾನುಭಾವ. ಕೊನೆಗೂ ಡಾಕ್ಟರು ಒಪ್ಪಿದರು. ಮುಂದಿನ ತಿಂಗಳು ಆಪರೇಷನ್ ಎಂದು ದಿನ ಗೊತ್ತಾಯಿತು.

ಸೊಸೆಗೆ ಇದರಲ್ಲಿ ಒಂದು ಹಳೆಯ ಮುಳ್ಳಿತ್ತು. ಮೊದಲ ಸಲ ಮಾತು ಬಂದಾಗ ಅವಳ ಬಾಯಿಂದ, "ಇವರೇ ಯಾಕೆ ಕೊಡ್ಬೇಕು?" ಎಂದು ಜಾರಿಬಿಟ್ಟಿತ್ತು. ಹೆದರಿಕೆಯಲ್ಲಿ ಬಂದ ಮಾತು. ಮಾರನೆಯ ದಿನವೇ ಒಪ್ಪಿದಳು, ಗಂಡನಿಗೆ ತಾನೇ ಸೌತೆಕಾಯಿ ಹೆಚ್ಚಿಕೊಟ್ಟಳು. ಆದರೆ ಗಂಡನ ಅಕ್ಕ, ಸೊಸೆಗೆ ನಾದಿನಿ, ಶಾಲೆಯಲ್ಲಿ ಲೆಕ್ಕದ ಟೀಚರು, ಒಂದನ್ನೂ ಮರೆಯುವವಳಲ್ಲ. ಸಕ್ಕರೆ ಕಾಯಿಲೆ ಇದ್ದುದರಿಂದ ತಾನು ಕಿಡ್ನಿ ಕೊಡುವಂತಿಲ್ಲ ಎಂಬ ಸಂಕಟ ಬೇರೆ ಅವಳಿಗೆ. ಭಾನುವಾರ ಊಟಕ್ಕೆ ಬಂದಾಗಲೆಲ್ಲ, "ನಿನ್ನ ಗಂಡನ್ನ ಚೆನ್ನಾಗಿ ನೋಡ್ಕೊಳ್ಳಮ್ಮ, ನಿನಗೆ ಮೊದಲಿಂದ ಅವನದೇ ಚಿಂತೆ" ಎಂದು ಚುಚ್ಚದೆ ಕೈ ತೊಳೆಯುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಸೊಸೆ ಮನೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಅತ್ತೆಯ ನೀಲಿ ಗೌನು ಕೈಗೆ ಬಂತು. ಒಳಮೈ ತಿರುವಿ ಹೊಲಿಗೆಯ ಮೇಲೆ ಇಸ್ತ್ರಿ ಓಡಿಸುವಾಗ ಎಡಗಡೆ ಕಂಕುಳ ಕೆಳಗೆ ಕೈ ನಿಂತಿತು. ಅಲ್ಲಿ ಮಿಷನ್ ಹೊಲಿಗೆ ಇರಲಿಲ್ಲ, ಕೈಹೊಲಿಗೆ ಇತ್ತು. ಸಣ್ಣ, ಒತ್ತಾದ, ಹೊರಗಿಂದ ಕಾಣದ ಹೊಲಿಗೆ. ಈ ಊರಲ್ಲಿ ಹಾಗೆ ಹೊಲಿಯುವ ಕೈ ಒಂದೇ.

ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಒಳಗಡೆ ಕಾಣುತ್ತಿದ್ದವು. ಅಂದರೆ ಅತ್ತೆ ಹೊಲಿಗೆ ಬಿಚ್ಚಿ ಬಟ್ಟೆ ಸಡಿಲ ಮಾಡಿಕೊಂಡಿದ್ದಾರೆ. ಸೊಸೆ ಗೌನನ್ನು ತಿರುವಿ ಬಲಗಡೆ ನೋಡಿದಳು. ಬಲಗಡೆ, ಸೊಂಟ, ಭುಜ ಎಲ್ಲ ಕಡೆ ಈ ಎರಡು ವರ್ಷದಲ್ಲಿ ಒಳಗೆ ಹಿಡಿದು ಹೊಲಿದದ್ದೇ. ಅತ್ತೆ ಅಷ್ಟು ಸೊರಗಿದ್ದರು. ಮೈಯೆಲ್ಲ ಇಳಿದ ಹೆಂಗಸಿಗೆ ಎದೆಯ ಒಂದೇ ಪಕ್ಕ ಯಾಕೆ ಬಿಗಿಯಾಗಬೇಕು?

ಇಸ್ತ್ರಿಯಡಿ ಹಾಸಿದ್ದ ಹಳೆಯ ಪರದೆ ಸೀದ ವಾಸನೆ ಬಂತು. ಸೊಸೆ ಬೆಚ್ಚಿ ಎತ್ತಿದಳು.

"ಏನು ಸುಟ್ಟೆ?" ಅತ್ತೆ ಒಳಗಿನಿಂದ ಕೂಗಿದರು.

"ಏನಿಲ್ಲ ಅತ್ತೆ. ನಿಮ್ಮ ನೀಲಿ ಗೌನು ಎಡಗಡೆ ಬಿಗಿ ಆಗಿತ್ತಾ?"

"ಸೂಜಿ ಕೈ ಕಣೇ, ಬಾವು ಬರುತ್ತೆ. ನಿನಗ್ಯಾಕೆ ಅದೆಲ್ಲ? ಆಲೂಗೆಡ್ಡೆ ಬೇಯೋಕಿಟ್ಟೆಯಾ?"

ಆಲೂಗೆಡ್ಡೆಯನ್ನು ಆ ಮನೆಯಲ್ಲಿ ಎರಡು ನೀರಲ್ಲಿ ಬೇಯಿಸಿ ನೀರು ಚೆಲ್ಲಬೇಕು, ಇಲ್ಲದಿದ್ದರೆ ಅದರಲ್ಲಿರುವ ಪೊಟ್ಯಾಸಿಯಂ ಅತ್ತೆಯ ಎದೆಬಡಿತ ಏರುಪೇರು ಮಾಡುತ್ತದೆ. ಸೊಸೆ ನೀರು ಚೆಲ್ಲುತ್ತ, ಸೂಜಿ ಕೈಯದೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅದು ಸಮಾಧಾನವಲ್ಲ ಎಂದು ನಾಲ್ಕೈದು ದಿನದಲ್ಲೇ ತಿಳಿಯಿತು. ಅವತ್ತು ಡಯಾಲಿಸಿಸ್ಸಿನಲ್ಲಿ ನೀರು ಜಾಸ್ತಿ ತೆಗೆದಿದ್ದರು. ಮನೆಗೆ ಬಂದ ಅತ್ತೆ ಬಟ್ಟೆ ಬದಲಿಸಲು ಹೋಗಿ ಮಂಚದ ಪಕ್ಕಕ್ಕೆ ವಾಲಿದರು. ಸೊಸೆ ಓಡಿಹೋಗಿ ಕಂಕುಳಿಗೆ ಕೈಕೊಟ್ಟು ಎತ್ತಿದಳು. ಅಂಗೈಗೆ ತಾಗಿತು. ಕೋಟಿನ ದೊಡ್ಡ ಗುಂಡಿಯಂಥ ಗಟ್ಟಿ ಗಂಟು, ಒತ್ತಿದರೂ ಜರುಗದ್ದು. ಬಾವು ಹಾಗಿರುವುದಿಲ್ಲ.

ಅತ್ತೆ ಕಣ್ಣುಬಿಟ್ಟು ಅವಳ ಮಣಿಕಟ್ಟು ಹಿಡಿದುಕೊಂಡರು. ತಲೆ ಸುತ್ತಿ ಬಿದ್ದವರ ಕೈಯಲ್ಲಿ ಅಷ್ಟು ಬಿಗಿ ಎಲ್ಲಿಂದ ಬಂತೋ.

"ಎಷ್ಟು ದಿನದಿಂದ ಅತ್ತೆ?"

"ಬಾಗಿಲು ಹಾಕು."

ಸೊಸೆ ಬಾಗಿಲು ಹಾಕಿ ಬಂದಳು.

"ಮೊದಲು ಟೆಸ್ಟು ಮಾಡ್ದಾಗ ಏನೂ ಇರ್ಲಿಲ್ಲ, ಸುಳ್ಳಲ್ಲ," ಎಂದರು ಅತ್ತೆ ಪಿಸುಗುಟ್ಟುತ್ತ. "ಇವನು ತೂಕ ಇಳಿಸ್ತಾ ಇದ್ನಲ್ಲ, ಆಗ ಬಂತು. ಡಾಕ್ಟ್ರು ಮೊನ್ನೆ, ಹೊಸದಾಗಿ ಏನಾದ್ರೂ ತೊಂದರೆ ಇದೆಯಾ ಅಂದ್ರು. ಇಲ್ಲ ಅಂದೆ. ಎದೆ ಟೆಸ್ಟು ಇನ್ನೊಂದ್ಸಲ ಅಂದ್ರು. ಮಾಡಿಸಿದೀನಿ ಅಂದೆ."

"ದೇವರೇ! ಯಾಕತ್ತೆ ಹಾಗಂದ್ರಿ?"

"ಯಾಕಾ? ನನ್ನ ಪಕ್ಕದ ಕುರ್ಚೀಲಿ ಕೂರ್ತಿದ್ಲಲ್ಲ, ಆ ಹೂವಿನ ಅಂಗಡಿಯವಳು. ಅವಳಿಗೆ ಅಣ್ಣನ ಕಿಡ್ನಿ ರೆಡಿ ಇತ್ತು. ಗರ್ಭಕೋಶದಲ್ಲಿ ಏನೋ ಇದೆ ಅಂತ ಮುಂದಕ್ಕೆ ಹಾಕಿದ್ರು. ಹಾಕಿದ್ದು ಹಾಕಿದ್ದೇ. ಆ ಕುರ್ಚೀಲಿ ಈಗ ಬೇರೆ ಯಾರೋ ಕೂತಿದಾರೆ." ಅತ್ತೆ ಉಸಿರು ತೆಗೆದುಕೊಂಡರು. "ಮೊದಲು ಕಿಡ್ನಿ ಬರ್ಲಿ. ಮೈಗೆ ಬಲ ಬಂದಮೇಲೆ ಈ ಗಡ್ಡೆ ತೆಗೆಸ್ಕೋತೀನಿ. ಮೊದಲು ಮೈ ಕೂಡಿಸಿ, ಆಮೇಲೆ ದಾರ ಕತ್ತರಿಸೋದು. ನಿನಗೆ ಹೇಳಿಕೊಡ್ಬೇಕಾ? ಬಾಯಿ ಬಿಡ್ಬೇಡ. ಮಾತು ಕೊಡು."

ಸೊಸೆ ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ತಲೆ ಆಡಿಸಿಬಿಟ್ಟಳು.

ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಆ ಕೈಗೆ ಕಿವಿ ಇಟ್ಟರು. ಸೊಸೆ ಲೋಟ ತೊಳೆಯುತ್ತ ನೋಡುತ್ತಿದ್ದಳು. ಮಾವನ ತಲೆಗೂ ಆ ಗಂಟಿಗೂ ಒಂದು ಗೇಣಿನ ಅಂತರ. "ನಡೀತಿದೆ," ಎಂದರು ಮಾವ. ಅತ್ತೆ ಸೊಸೆಯ ಕಡೆ ನೋಡದೆ ಐಸ್ ತುಂಡು ಬಾಯಿಗೆ ಹಾಕಿಕೊಂಡರು. ಲೋಟ ಸೊಸೆಯ ಕೈಯಿಂದ ಜಾರಿ ಒಡೆಯಿತು.

ಆ ವಾರ ಅವಳೇ ಆಸ್ಪತ್ರೆಗೆ ನರ್ಸುಗಳ ಕೋಟು ಕೊಡಲು ಹೋದಳು. ಕಿಡ್ನಿ ವಿಭಾಗದಲ್ಲಿ ಕಸಿಗೆ ಬಂದವರನ್ನು ವಿಚಾರಿಸಿಕೊಳ್ಳುವ ಹಿರಿಯ ನರ್ಸಮ್ಮ ಕೋಟು ತೊಟ್ಟು ಕನ್ನಡಿಯ ಮುಂದೆ ಅತ್ತಿತ್ತ ತಿರುಗಿದರು.

"ಒಂದು ಮಾತು ಕೇಳ್ಲಾ ಸಿಸ್ಟರ್? ಹೊಸ ಕಿಡ್ನಿ ಬಂದಮೇಲೆ ಮೈಗೆ ಬಲ ಬರುತ್ತಲ್ಲ, ಆವಾಗ ಬೇರೆ ಕಾಯಿಲೆ ಇದ್ರೂ ವಾಸಿ ಮಾಡ್ಕೋಬಹುದು ಅಲ್ವಾ? ಗಡ್ಡೆ ಗಿಡ್ಡೆ?"

ನರ್ಸಮ್ಮ ತಿರುಗುವುದನ್ನು ನಿಲ್ಲಿಸಿದರು. "ಉಲ್ಟಾ ಅಮ್ಮ. ಬೇರೆಯವರ ಕಿಡ್ನಿನ ಮೈ ಹೊರಗಿನದು ಅಂತ ಓಡಿಸೋಕೆ ನೋಡುತ್ತೆ. ಹಾಗಾಗದೇ ಇರಲಿ ಅಂತ ಮೈಯೊಳಗಿನ ಕಾವಲುಗಾರನ್ನೇ ಮಾತ್ರೆ ಕೊಟ್ಟು ಮಲಗಿಸ್ತೀವಿ. ಒಂದು ದಿನಕ್ಕಲ್ಲ, ಇರೋವರೆಗೂ. ಕಾವಲು ಮಲಗಿದಾಗ ಒಳಗೆ ಕ್ಯಾನ್ಸರ್ ಇದ್ರೆ ಅದನ್ನ ಕೇಳೋರೇ ಇಲ್ಲ, ಮೈಯೆಲ್ಲ ಹಬ್ಬುತ್ತೆ."

"ಆಮೇಲೆ?"

"ಆಮೇಲೇನು? ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಾ ಇರುತ್ತೆ, ಮನುಷ್ಯ ಹೋಗ್ತಾನೆ. ನಾನು ಕಣ್ಣಾರೆ ನೋಡಿದೀನಿ. ಕಸಿ ಆದೋರಿಗೂ, ಡಯಾಲಿಸಿಸ್ಸಲ್ಲಿ ಇರೋರಿಗೂ ಕ್ಯಾನ್ಸರ್ ಭಯ ಉಳಿದೋರಿಗಿಂತ ಜಾಸ್ತೀನೇ. ಅದಕ್ಕೇ ಅಷ್ಟೊಂದು ಟೆಸ್ಟು ಮಾಡ್ಸೋದು. ಯಾಕೆ ಕೇಳಿದ್ರಿ?"

"ಸುಮ್ನೆ," ಎಂದಳು ಸೊಸೆ. ಆಗಲೇ ಹೇಳಿಬಿಡಬೇಕಿತ್ತು. ಕೊಟ್ಟ ಮಾತು ಒಂದು ಕಡೆ, ನಾದಿನಿಯ ಮುಖ ಇನ್ನೊಂದು ಕಡೆ. ಗಂಡನನ್ನು ಉಳಿಸಿಕೊಳ್ಳಲು ಅತ್ತೆಯ ಬಾಯಿಗೆ ಮಣ್ಣು ಹಾಕಿದಳು ಎಂದು ಜನ್ಮಪೂರ್ತಿ ಅನ್ನಿಸಿಕೊಳ್ಳಬೇಕು. ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಅದಕ್ಕಿಂತ ಕೆಟ್ಟದ್ದು ಒಂದು ಹೊಳೆಯಿತು. ನರ್ಸಮ್ಮನ ಮಾತು ಕೇಳುತ್ತಿದ್ದಾಗ ಎದೆಯ ಯಾವುದೋ ಮೂಲೆಯಲ್ಲಿ, ಹಾಗಾದರೆ ಇವರ ಕಿಡ್ನಿ ಉಳಿಯಿತು ಎಂದು ಹಗುರವಾಗಿತ್ತು. ಹೌದು, ಆಗಿತ್ತು. ಸೊಸೆಗೆ ತನ್ನ ಮೇಲೇ ಅಸಹ್ಯವಾಯಿತು. ನಾದಿನಿ ಹೇಳುವುದರಲ್ಲಿ ಏನು ತಪ್ಪಿದೆ ಎನ್ನಿಸಿತು.

ಮನೆಗೆ ಬಂದವಳೇ ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಮೇಜಿನ ಮೇಲೆ ಬಟ್ಟೆ ಹಾಸಿ ಬಳಪದಲ್ಲಿ ಗೆರೆ ಎಳೆಯುತ್ತಿದ್ದರು. ಎಳೆಯುತ್ತಲೇ ಕೇಳಿದರು.

"ನರ್ಸಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ಸುಮ್ನಿರು. ಅವರು ಹತ್ತು ಹೇಳ್ತಾರೆ. ಒಂದು ವರ್ಷ ಕುರ್ಚಿ ಇಲ್ದೆ, ಸೂಜಿ ಇಲ್ದೆ, ಒಂದು ಚೊಂಬು ನೀರು ಗಟಗಟ ಕುಡಿದು ಸಾಯ್ತೀನಿ. ಅಷ್ಟು ಸಾಕು ನನಗೆ."

"ನಿಮ್ಮ ಮಗನ ಕಿಡ್ನಿ?"

ಬಳಪ ನಿಂತಿತು.

"ಅದೂ ನಿಮ್ಮ ಜೊತೆಗೇ ಮಣ್ಣಿಗೆ ಹೋಗುತ್ತಲ್ಲ ಅತ್ತೆ. ವರ್ಷ ಪೂರ್ತಿ ಹೊಟ್ಟೆ ಕಟ್ಟಿ ಉಳಿಸಿದ್ದು. ಆಮೇಲೆ ಅವರಿಗೆ ಇರೋದು ಒಂದೇ."

ಅತ್ತೆ ತಲೆ ಎತ್ತಿದರು. ಕಣ್ಣು ಕೆಂಪಗಾಗಿತ್ತು. "ಬಂತು ನೋಡು ಒಳಗಿದ್ದದ್ದು. ನಿನಗೆ ಬೇಕಾಗಿರೋದೂ ಅದೇ ತಾನೇ?"

"ಅದೂ ಬೇಕು," ಎಂದಳು ಸೊಸೆ. "ನೀವೂ ಬೇಕು. ನನಗೆ ಇಬ್ಬರೂ ಬೇಕು."

ಅತ್ತೆ ಬಟ್ಟೆಯ ಕಡೆ ತಿರುಗಿದರು. ಬಳಪದ ಗೆರೆ ಸೊಟ್ಟ ಹೋಗಿತ್ತು. ಹೊಲಿಗೆ ಅಂಗಡಿ ಇಟ್ಟಾಗಿನಿಂದ ಅತ್ತೆಯ ಗೆರೆ ಸೊಟ್ಟ ಹೋದದ್ದನ್ನು ಯಾರೂ ನೋಡಿರಲಿಲ್ಲ.

ಗಂಡನಿಗೆ ಸುತ್ತಿ ಬಳಸಿ ಹೇಳಿ ನೋಡಿದಳು. "ರೀ, ಅತ್ತೆಗೆ ಎದೆ ಟೆಸ್ಟು ಇನ್ನೊಂದ್ಸಲ ಮಾಡಿಸೋಣ್ವಾ? ಹಳೇದಾಯ್ತಲ್ಲ."

ಅವನು ತೂಕದ ಯಂತ್ರದ ಮೇಲೆ ನಿಂತಿದ್ದ. ಮುಳ್ಳಿನಿಂದ ಕಣ್ಣು ತೆಗೆಯದೆ, "ಮತ್ತೆ ಶುರು ಮಾಡಿದ್ಯಾ? ಇನ್ನೊಂದು ಟೆಸ್ಟು, ಇನ್ನೊಂದು ತಿಂಗಳು, ಇನ್ನೊಂದು ಸೌತೆಕಾಯಿ. ನಿನಗೆ ಹೆದರಿಕೆ ಆದ್ರೆ ಹೆದರಿಕೆ ಅಂತ ಹೇಳು ಮಾರಾಯ್ತಿ, ಅಮ್ಮನ ನೆಪ ಹೇಳ್ಬೇಡ" ಎಂದ. ಕೂಗಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ಮೆಲ್ಲಗೆ ಹೇಳಿ ಕೆಲಸಕ್ಕೆ ಹೊರಟುಹೋದ.

ಭಾನುವಾರ ನಾದಿನಿ ಬಂದಳು. ಎಲ್ಲರೂ ಊಟಕ್ಕೆ ಕೂತರು. ಅತ್ತೆಯ ತಟ್ಟೆಯಲ್ಲಿ ಉಪ್ಪಿಲ್ಲದ ಆಲೂಗೆಡ್ಡೆ, ಒಂದು ಬೆಂದ ಮೊಟ್ಟೆ, ಅನ್ನ. ಮಗನ ತಟ್ಟೆಯಲ್ಲಿ ಅದೇ ಸೌತೆಕಾಯಿ. ನಾದಿನಿ ತಾನು ಆಸ್ಪತ್ರೆಯಲ್ಲಿ ಯಾವ ಯಾವ ದಿನ ಇರಬಲ್ಲೆ ಎಂದು ಹೇಳಿ ಮುಗಿಸಿ, ತಮ್ಮನ ಬೆನ್ನು ಸವರಿ, "ಇನ್ನು ಮೂರೇ ವಾರ ಕಣೋ, ಆಮೇಲೆ ಅಮ್ಮ ನಮ್ಮಷ್ಟೇ ನೀರು ಕುಡೀಬಹುದು" ಎಂದಳು.

"ಆಪರೇಷನ್ ಬೇಡ," ಎಂದಳು ಸೊಸೆ.

ತಾನೇ ಹೇಳಿದೆನೇ ಎಂದು ಅವಳಿಗೇ ಆಶ್ಚರ್ಯ.

"ಏನಂದೆ?" ಎಂದಳು ನಾದಿನಿ.

"ಅತ್ತೆಗೆ ಎಡಗಡೆ ಎದೇಲಿ ಗಂಟಿದೆ. ಮೊದಲು ತೋರಿಸ್ಬೇಕು. ಅದನ್ನಿಟ್ಕೊಂಡು ಕಿಡ್ನಿ ಹಾಕಿದ್ರೆ ಅತ್ತೆ ಉಳಿಯಲ್ಲ ಅಕ್ಕ."

ನಾದಿನಿ ತಾಯಿಯ ಕಡೆ ತಿರುಗಿದಳು. ಅತ್ತೆ ಮೊಟ್ಟೆಯನ್ನು ಎರಡು ಹೋಳು ಮಾಡುತ್ತಿದ್ದರು. "ನನಗೇನೂ ಇಲ್ಲಮ್ಮ. ಸೂಜಿ ಕೈ ಬಾವು. ಇವಳಿಗೆ ಹೆದರಿಕೆ, ಪಾಪ."

"ಗೊತ್ತಿತ್ತು ನನಗೆ!" ನಾದಿನಿ ತಟ್ಟೆ ತಳ್ಳಿ ಎದ್ದಳು. "ಇಷ್ಟು ದಿನ ನಗ್ತಾ ನಗ್ತಾ ಇದ್ದು ಕೊನೇ ಗಳಿಗೇಲಿ ಕೊಕ್ಕೆ ಹಾಕ್ತಾಳೆ ಅಂತ. ಅಮ್ಮನ ಮೇಲೆ ಇಂಥ ಕೆಟ್ಟ ಕಾಯಿಲೆ ಹೊರಿಸೋಕೆ ಬಾಯಾದ್ರೂ ಹೇಗೆ ಬಂತೇ ನಿನಗೆ? ನಿನ್ನ ಗಂಡನ್ನ ನೀನೇ ಇಟ್ಕೋ ತಾಯಿ, ಉಪ್ಪಿನಕಾಯಿ ಹಾಕ್ಕೋ!"

"ಅಕ್ಕ, ಸುಮ್ನಿರು," ಎಂದ ಗಂಡ. ಆದರೆ ಹೆಂಡತಿಯ ಮುಖ ನೋಡಲಿಲ್ಲ.

ಸೊಸೆ ಎದ್ದು ಮುಂದಿನ ಕೋಣೆಗೆ ಹೋದಳು. ಅಳಲು ಹೋದಳೆಂದು ಎಲ್ಲರೂ ಅಂದುಕೊಂಡರು. ಅವಳು ವಾಪಸು ಬಂದದ್ದು ಒಂದು ಮಡಿಲು ಬಟ್ಟೆ ಹೊತ್ತು. ನೀಲಿ ಗೌನು, ಕಂದು ಗೌನು, ಹೂವಿನ ಗೌನು, ಮಲಗುವಾಗ ಹಾಕುವ ಬಿಳಿಯದು. ಎಲ್ಲವನ್ನೂ ಒಳಮೈ ಹೊರಗೆ ಮಾಡಿ ತಟ್ಟೆಗಳ ನಡುವೆ ಹರಡಿದಳು.

"ಅಕ್ಕ, ನೀವೂ ಈ ಮನೇಲೇ ಹೊಲಿಗೆ ಕಲಿತೋರು. ನನ್ನ ಮಾತು ಬೇಡ. ಇದು ಯಾರ ಕೈಹೊಲಿಗೆ ಹೇಳಿ."

ನಾದಿನಿ ಮೂಗು ಮುರಿಯುತ್ತಲೇ ನೀಲಿ ಗೌನು ಎತ್ತಿದಳು. ಬೆರಳು ತಾನಾಗಿ ಹೊಲಿಗೆಯ ಮೇಲೆ ಓಡಿತು. ಬಲಗಡೆ ಒಳಗೆ ಹಿಡಿದದ್ದು. ಸೊಂಟ ಒಳಗೆ ಹಿಡಿದದ್ದು. ಎಡಗಡೆ ಬಿಚ್ಚಿದ್ದು. ಕಂದು ಗೌನು ತೆಗೆದಳು. ಎಡಗಡೆ ಬಿಚ್ಚಿದ್ದು, ನೀಲಿಗಿಂತ ಹೆಚ್ಚು. ಬಿಳಿಯದು ಇನ್ನೂ ಹೆಚ್ಚು, ಒಳಗೆ ಬಟ್ಟೆ ಸಾಲದೆ ಬೇರೆ ಚೂರು ಕೂಡಿಸಿತ್ತು. ಒಂದೊಂದು ಗೌನಿಗೂ ಗಂಟು ಬೆಳೆಯುತ್ತಾ ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು.

"ಅಮ್ಮಾ," ಎಂದಳು ನಾದಿನಿ. ಟೀಚರಿನ ದನಿ ಎಲ್ಲೋ ಹೋಗಿತ್ತು. "ಇದು ಸೂಜಿ ಕೈ ಬಾವಾ?"

ಅತ್ತೆ ಬಿಳಿ ಗೌನನ್ನು ತಮ್ಮ ಕಡೆ ಎಳೆದು ಮಡಚತೊಡಗಿದರು. "ಊಟದ ಮೇಜಿನ ಮೇಲೆ ಬಟ್ಟೆ ಹಾಕ್ತಾರೇನೇ," ಎಂದರು. ಮಡಚಲು ಬರಲಿಲ್ಲ.

ಮಾವ ಎದ್ದು ಬಂದು ಹೆಂಡತಿಯ ಪಕ್ಕ ನಿಂತರು. "ದಿನಾ ಕಿವಿ ಇಡ್ತೀನಲ್ಲೇ," ಎಂದರು. "ದಿನಾ ಇಡ್ತೀನಿ. ನನಗೆ ಕೇಳಿಸ್ಲಿಲ್ವಲ್ಲ." ಅದನ್ನೇ ಮತ್ತೆ ಮತ್ತೆ ಹೇಳಿದರು.

ಆಮೇಲಿನದ್ದೆಲ್ಲ ಒಂದೇ ಉಸಿರಿಗೆ ಆಗಿಹೋಯಿತು. ಟೆಸ್ಟು, ಸೂಜಿ ಹಾಕಿ ಚೂರು ತೆಗೆದದ್ದು, ಕಾಯುವುದು. ಕ್ಯಾನ್ಸರೇ ಎಂದರು. ಕಂಕುಳಿಗೂ ಇಳಿದಿದೆ, ಮುಂದಕ್ಕೆ ಹೋದ ಹಾಗೆ ಕಾಣುವುದಿಲ್ಲ ಎಂದರು. ಡಾಕ್ಟರು ಕಸಿಯ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿದರು: "ಈಗ ಸಾಧ್ಯವೇ ಇಲ್ಲ. ಇದು ಮತ್ತೆ ಬರಲ್ಲ ಅಂತ ಕೆಲವು ವರ್ಷ ನೋಡ್ಬೇಕು, ಆಮೇಲೆ ಮಾತಾಡೋಣ."

"ಅಷ್ಟು ವರ್ಷ ಡಯಾಲಿಸಿಸ್ಸಲ್ಲಿ ಇರ್ತಾರಾ ಡಾಕ್ಟ್ರೇ?" ಎಂದು ಮಗ ಕೇಳಿದ.

"ಇರೋರೂ ಇದಾರೆ," ಎಂದರು ಡಾಕ್ಟರು. ಇಲ್ಲದವರ ಬಗ್ಗೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅವತ್ತು ಸಂಜೆ ಅವನು ಬೇಕರಿಯಿಂದ ಒಂದು ಡಬ್ಬ ಬನ್ನು ತಂದು ಅಡುಗೆಮನೆಯ ನೆಲದ ಮೇಲೆ ಕೂತು ಒಂದಾದ ಮೇಲೊಂದು ತಿಂದ. ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಒಂದು ವರ್ಷ," ಎಂದ ಬಾಯಿ ತುಂಬಿಕೊಂಡು. "ನಾನು ಬೇಗ ಇಳಿದಿದ್ರೆ ಇದು ಬರೋಕೆ ಮುಂಚೆನೇ ಆಗಿಹೋಗ್ತಿತ್ತು."

"ಆಗಿ, ಆಮೇಲೆ ಬಂದಿದ್ರೆ? ಆಗ ಆ ಮಾತ್ರೆಗಳು ಬೇರೆ ಇರ್ತಿದ್ವಲ್ಲ. ಹಾಗೆಲ್ಲ ಲೆಕ್ಕ ಹಾಕ್ಬೇಡಿ."

ಅವನು ಅಳತೊಡಗಿದ. ಅವಳು ಪಕ್ಕದಲ್ಲಿ ಕೂತು ಅರ್ಧ ಬನ್ನು ಮುರಿದುಕೊಂಡಳು. ಅವನ ಸೊಂಟ ತನ್ನ ಸೊಂಟಕ್ಕೆ ತಾಗುತ್ತಿತ್ತು, ಒಳಗೆ ಎರಡೂ ಕಿಡ್ನಿ ಇದ್ದ ಸೊಂಟ. ಅದು ಸಮಾಧಾನ ಕೊಟ್ಟಿತು. ಸಮಾಧಾನವಾದದ್ದಕ್ಕೆ ನಾಚಿ ಅವಳು ಬನ್ನನ್ನು ಡಬ್ಬಕ್ಕೇ ಹಾಕಿದಳು.

ಅತ್ತೆಯ ಎಡ ಎದೆಯನ್ನು ತೆಗೆದರು. ಕಂಕುಳ ಗಂಟುಗಳನ್ನೂ ತೆಗೆದದ್ದರಿಂದ ಕೈ ಊದಿಕೊಂಡಿತು. ಆ ಕೈಗೆ ಇನ್ನು ಸೂಜಿ ಬೇಡ ಎಂದರು. ಬಲಗೈಯಲ್ಲಿ ಹೊಸದಾಗಿ ನಾಳ ಕೂಡಿಸಿದರು. ಅದು ಬಲಿಯುವವರೆಗೆ ಕುತ್ತಿಗೆಗೆ ಒಂದು ಕೊಳವೆ. ಬಲಗೈ ಎಂದರೆ ಕತ್ತರಿಯ ಕೈ.

ಮನೆಗೆ ಬಂದ ಅತ್ತೆ ಸೊಸೆಯೊಡನೆ ಮಾತು ಬಿಟ್ಟರು. ಬೇಕಾದ್ದನ್ನು ಮಾವನ ಮೂಲಕ ಹೇಳಿಸುವರು. "ಅವಳಿಗೆ ಹೇಳಿ, ಕಿಟಕಿ ಹಾಕಲಿ." ಸೊಸೆ ಅಲ್ಲೇ ಇರುವಳು. ಮಾವ ಇಬ್ಬರ ನಡುವೆ ನಿಂತು, "ಕಿಟಕಿ ಹಾಕ್ಬೇಕಂತಮ್ಮ" ಎನ್ನುವರು. ನಾದಿನಿ ಶಾಲೆ ಬಿಟ್ಟ ಮೇಲೆ ದಿನವೂ ಬರತೊಡಗಿದಳು. ತಪ್ಪಾಯಿತು ಎನ್ನುವ ಮಾತು ಅವಳ ಬಾಯಿಗೆ ಬರುವಂಥದ್ದಲ್ಲ. ಒಂದು ದಿನ ಸೊಸೆಯ ಕೈಯಿಂದ ಆಲೂಗೆಡ್ಡೆಯ ಪಾತ್ರೆ ತೆಗೆದುಕೊಂಡು, "ಎರಡನೇ ನೀರೂ ಚೆಲ್ಲಬೇಕು ಅಲ್ವಾ?" ಎಂದಳು. ಹೌದು ಎಂದಳು ಸೊಸೆ. ಅವತ್ತಿನಿಂದ ಆಲೂಗೆಡ್ಡೆ ನಾದಿನಿಯ ಪಾಲಿಗಾಯಿತು.

ಹೆದರಿಕೆ ಮಾತ್ರ ಯಾರ ಪಾಲಿಗೂ ಹಂಚಿಹೋಗಲಿಲ್ಲ, ಇಡಿಯಾಗಿ ಮನೆಯಲ್ಲೇ ಉಳಿಯಿತು. ಅತ್ತೆ ಕೆಮ್ಮಿದರೆ ಎಲ್ಲರ ಕೈಯೂ ನಿಲ್ಲುವುದು. ಬೆನ್ನು ನೋವು ಎಂದರೆ ಯಾರೂ ಉಸಿರಾಡರು. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಆ ದಿನ ಹತ್ತಿರ ಬಂದಂತೆ ಸೊಸೆಗೆ ಊಟ ಸೇರದು. ಅತ್ತೆ ಹೋದರೆ ಮಾತು ಬಿಟ್ಟೇ ಹೋದಂತಾಗುತ್ತದಲ್ಲ ಎಂಬುದು ಅವಳಿಗೆ ಎಲ್ಲಕ್ಕಿಂತ ದೊಡ್ಡ ಭಯ.

ಮೊದಲನೆಯ ಸಲ ತೋರಿಸುವ ದಿನದ ಹಿಂದಿನ ಬೆಳಿಗ್ಗೆ ಮಾವ ಬಲಗೈಗೆ ಕಿವಿ ಇಟ್ಟರು. ಬಹಳ ಹೊತ್ತು ಇಟ್ಟರು. ಹೊಸ ನಾಳ ಮಾತಾಡಲು ಇನ್ನೂ ಕಲಿಯುತ್ತಿತ್ತು.

"ನಡೀತಿದೆ," ಎಂದರು ಕೊನೆಗೆ.

ಅತ್ತೆ ಎದ್ದು ಮೆಲ್ಲಗೆ ಮುಂದಿನ ಕೋಣೆಗೆ ಬಂದರು. ಸೊಸೆ ಮಿಷನ್ನಿನ ಮುಂದೆ ಕೂತಿದ್ದಳು. ಬೀರುವಿನಿಂದ ತಾವೇ ಒಂದು ತುಂಡು ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಹಸಿರು ಬಟ್ಟೆ, ಯಾವಾಗಲೋ ಇಷ್ಟಪಟ್ಟು ತಂದು ಇಟ್ಟಿದ್ದು. ಅದರ ಮೇಲೆ ಕತ್ತರಿ ಇಟ್ಟರು.

"ಹಳೇದು ಯಾವುದೂ ಆಗ್ತಿಲ್ಲ," ಎಂದರು. ಎಷ್ಟೋ ವಾರದ ಮೇಲೆ ನೇರವಾಗಿ ಅವಳಿಗೇ ಆಡಿದ ಮಾತು. "ಒಂದು ಗೌನು ಮಾಡು. ಬಟನ್ನು ಬಲ ತೋಳಿಗೆ. ಅಳತೆ ತಗೋ."

ಅತ್ತೆ ಅಳತೆಗೆ ನಿಂತದ್ದನ್ನು ಸೊಸೆ ಎಂದೂ ಕಂಡಿರಲಿಲ್ಲ. ಟೇಪು ಹಿಡಿದು ಹತ್ತಿರ ಹೋದಳು. ಅತ್ತೆ ಊದಿದ ಎಡಗೈಯನ್ನು ಎಷ್ಟು ಸಾಧ್ಯವೋ ಅಷ್ಟು ಎತ್ತಿದರು. ಎದೆಯ ಸುತ್ತ ಟೇಪು ಬಂದಾಗ ಎಡಗಡೆ ತಡೆಯಲು ಏನೂ ಇರಲಿಲ್ಲ, ಟೇಪು ಜಾರಿತು. ಸೊಸೆಯ ಕಣ್ಣಿಗೆ ಅಂಕಿ ಕಾಣದಾಯಿತು.

"ಅಳ್ಬೇಡ, ಅಳತೆ ತಪ್ಪುತ್ತೆ," ಎಂದರು ಅತ್ತೆ. ಆಮೇಲೆ ಅವಳ ತಲೆಯ ಮೇಲಿಂದ ಬೀದಿಯ ಕಡೆ ನೋಡುತ್ತ, "ನನಗೂ ಭಯ ಆಗ್ತಿದೆ ಕಣೇ. ನಾಳೆ ನೀನೂ ಒಳಗೆ ಬಾ. ಇವರೆಲ್ಲ ಬರೀ ಮುಖ ನೋಡ್ತಾರೆ" ಎಂದರು.

"ಬರ್ತೀನಿ ಅತ್ತೆ."

ಸೊಸೆ ಬಟ್ಟೆ ಹಾಸಿ ಬಳಪ ತೆಗೆದುಕೊಂಡಳು. ಅಳತೆಯ ಗೆರೆ ಎಳೆದು ಕತ್ತರಿ ಎತ್ತಿದವಳು ನಿಂತಳು. ಗೆರೆಯ ಮೇಲೇ ಕತ್ತರಿಸಬೇಕೋ, ಹೊರಗೆ ಬಿಟ್ಟು ಕತ್ತರಿಸಬೇಕೋ. ಮುದುಕಿಯರಿಗೆ ದುಂದು ಬೇಡ ಎಂದ ಬಾಯಿ ಎದುರಿಗೇ ಇತ್ತು. ಕೇಳಲು ಧೈರ್ಯವಿಲ್ಲ, ಕೇಳದೆ ಕತ್ತರಿಸಲೂ ಧೈರ್ಯವಿಲ್ಲ.

ಅತ್ತೆ ಎಲ್ಲ ನೋಡುತ್ತಿದ್ದರು. ಕುರ್ಚಿ ಎಳೆದುಕೊಂಡು ಮೇಜಿನ ಪಕ್ಕ ಕೂತರು. ಬಾಟಲಿಯಿಂದ ಒಂದೇ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ನುಂಗದೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಆಮೇಲೆ ನುಂಗಿದರು.

"ಎರಡು ಬೆರಳು ಬಿಡು," ಎಂದರು.